ಹಿತ್ತಲು (ಮಲೆನಾಡು, ಕರಾವಳಿ)

ಮನೆಯ ಹಿಂಬದಿಯಲ್ಲಿ ಮನೆಬಳಕೆಗೆಂದೇ ತರಕಾರಿ, ಹಣ್ಣು ಬೆಳೆಯುವ ಜಾಗ. ಬೆಳೆಯುವ ನೆಲವೆಂದಷ್ಟೇ ಇದನ್ನು ವಿವರಿಸಿದರೆ ಸಾಲದು. ಹಿತ್ತಲಿನ ಅರ್ಧ ಬಾಳು ಅಟ್ಟದ ಮೇಲೆ, ಭರಣಿಯೊಳಗೆ ಇದೆ. ಕಾರಣ ಮಳೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ, ಆಗ ನೆಟ್ಟ ಹೀರೆ, ಬೆಂಡೆ ಕಾಯಿ ಬಿಡುವವರೆಗೆ ಕೆಸುವಿನಂಥ ಸೊಪ್ಪು ಬಿಟ್ಟರೆ ಹಸಿ ತರಕಾರಿ ಕಡಿಮೆ. ಆ ಕೊರತೆ ತುಂಬುವುದು ಬೇಸಿಗೆಯ ದುಡಿಮೆ. ಬಲಿತ, ಆದರೆ ಹಣ್ಣಾಗದ ಹಲಸಿನ ಸೊಳೆ ಬಿಡಿಸಿ, ಬೀಜ ತೆಗೆದು, ಪದರಪದರವಾಗಿ ಉಪ್ಪು ಹಾಕಿ ಭಾರ ಹೇರಿಡುತ್ತಾರೆ; ಸೊಳೆ ತನ್ನದೇ ನೀರು ಬಿಟ್ಟು ಮುಳುಗುತ್ತದೆ. ಗಾಳಿ ಸೋಕದ ಆ ಉಪ್ಪುನೀರಿನಲ್ಲಿ ಕೊಳೆಸುವ ಸೂಕ್ಷ್ಮಾಣುಗಳು ಬೆಳೆಯಲಾರವು. ಮುರುಗಲ ಸಿಪ್ಪೆ, ಹಪ್ಪಳ, ಬಾಳಕದ ಮೆಣಸನ್ನು ಬಿಸಿಲಿನಲ್ಲಿ ಒಣಗಿಸಿಡುತ್ತಾರೆ. ಮಂಗಳೂರು ಸೌತೆಗಂತೂ ಉಪ್ಪೂ ಬೇಡ, ಬಿಸಿಲೂ ಬೇಡ: ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗಿಬಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಪೇಟೆಯಲ್ಲಿ ವರ್ಷವಿಡೀ ತರಕಾರಿ ಸಿಗುವಾಗ ಈ ಪಾಡೇಕೆ ಎಂಬ ಆಕ್ಷೇಪವಿದೆ. ಹಣದ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಆದರೆ ಒಂದೊಂದು ಮರಕ್ಕೆ ಒಂದೊಂದು ಪರಿಮಳವಿರುವ ಅಪ್ಪೆಮಿಡಿಯಂಥ ಮಾವಿನ ತಳಿಗಳು ಉಳಿದಿರುವುದರಲ್ಲಿ ಉಪ್ಪಿನಕಾಯಿ ಭರಣಿಯ ಪಾಲು ದೊಡ್ಡದು. ಬಳಸದ ಮರಕ್ಕೆ ಕೊಡಲಿ ಬೀಳುತ್ತದೆ. ಉಪ್ಪು ಅತಿಯಾಯಿತೆಂಬ ಮಾತಿಗೆ ಉತ್ತರ ಅರ್ಧ ಮಾತ್ರ: ಸೊಳೆಯನ್ನು ನೀರಲ್ಲಿ ನೆನೆಸಿ ಹಿಂಡಿದರೆ ಬಹುಪಾಲು ಹೋಗುತ್ತದೆ, ಉಪ್ಪಿನಕಾಯಿಯದು ಹೋಗದು. ಇನ್ನು ಈ ದುಡಿಮೆಯೆಲ್ಲ ಹೆಂಗಸರ ತಲೆಗೇ ಬಿದ್ದಿದೆ ಎಂಬ ಟೀಕೆಗೆ ಸಮರ್ಥನೆಯೇ ಇಲ್ಲ.