ಧಾರವಾಡದಿಂದ ಮರಳಿ ಬಂದವನಿಗೆ



ಮಾರ್ಚ್ 8ರಂದು ಧರ್ಮಸಭೆ ಸ್ಮರಿಸುವ ಸಂತ ಜಾನ್ ಆಫ್ ಗಾಡ್ ಆಸ್ಪತ್ರೆಗಳ ಪಾಲಕರು. ಅವರೇ ಒಮ್ಮೆ ಹುಚ್ಚರ ಕೋಣೆಯಲ್ಲಿದ್ದವರು ಎಂಬುದನ್ನು ಮಾತ್ರ ನಾವು ಪ್ರಬೋಧನೆಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ.

1539ರ ಸುಮಾರಿಗೆ ಸ್ಪೇನಿನ ಗ್ರಾನಡಾದಲ್ಲಿ ಅವರು ಪುಸ್ತಕ ಮಾರುತ್ತಿದ್ದರು. ಅವಿಲಾದ ಯೊವಾನ್ನರ ಪ್ರಬೋಧನೆ ಕೇಳಿದ್ದೇ ತಡ, ಚೀರುತ್ತ ಬೀದಿಬೀದಿ ಅಲೆದರು. ಜನ ಹಿಡಿದು ಅರಮನೆಯ ಆಸ್ಪತ್ರೆಗೆ ಹಾಕಿದರು. ಅಲ್ಲಿ ಕಟ್ಟಿ ಹೊಡೆದರು. ಹೊಡೆತವೇ ಆಗಿನ ಚಿಕಿತ್ಸೆ! ಅದು ಕಾಯಿಲೆಯೋ ಪಶ್ಚಾತ್ತಾಪದ ಉದ್ವೇಗವೋ ಎಂಬ ಚರ್ಚೆ ಇಂದಿಗೂ ಉಂಟು. ಹೊರಬಂದವರು ಕಟ್ಟಿಗೆ ಮಾರಿ ಹೊಟ್ಟೆ ಹೊರೆದರು, ಬಾಡಿಗೆ ಮನೆ ಹಿಡಿದು ದಿಕ್ಕಿಲ್ಲದ ರೋಗಿಗಳನ್ನು ಆರೈಕೆ ಮಾಡಿದರು. 1550ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಬದುಕಾಯಿತು.

ನಮ್ಮ ಸೀಮೆಯಲ್ಲಿ ಈ ಕಥೆಗೆ ಧಾರವಾಡವೇ ಮೊದಲು. ಅಲ್ಲಿನ ಮಾನಸಿಕ ಆಸ್ಪತ್ರೆ ಶುರುವಾದದ್ದು 1845ರಲ್ಲಿ. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವ ತನಕ ಅಗಡಿಗೂ ಧಾರವಾಡವೇ ಜಿಲ್ಲಾ ಸ್ಥಳ. 1912ರ ಕಾಯಿದೆಯಲ್ಲಿ ಮ್ಯಾಜಿಸ್ಟ್ರೇಟರ ಆದೇಶದಿಂದ ರೋಗಿಯನ್ನು ಒಳಗೆ ಕಳಿಸಬಹುದಿತ್ತು. ಗುಣವಾದವನನ್ನು ಮನೆ ಸೇರಿಸಿಕೊಳ್ಳಬೇಕೆಂದು ಮನೆಯವರಿಗೆ ಯಾವ ಆದೇಶ ಹೇಳಲಾದೀತು?

1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಹೊಸ ದಾರಿ ಹಿಡಿಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಗುಳಿಗೆಯನ್ನು ಹಳ್ಳಿಯ ಹತ್ತಿರಕ್ಕೇ ತಂದಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. ಇದು ನಮ್ಮ ಕನ್ನಡ ನಾಡಿನ ಕೊಡುಗೆ ಎಂಬುದು ನಮಗೇ ಗೊತ್ತಿಲ್ಲ! 2017ರ ಕಾಯಿದೆ ಸರಪಳಿಯನ್ನು ನಿಷೇಧಿಸಿತು. ಮನೆಯವರು ಒಲ್ಲೆ ಎಂದ ಮಾತ್ರಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬಾರದು ಎಂದಿತು.

ಸರಿ, ಮನೆಗೆ ಬಂದ. ನಾವೇನು ಮಾಡುತ್ತೇವೆ? ಊಟ ಹಾಕುತ್ತೇವೆ, ಗುಳಿಗೆ ನುಂಗಿಸುತ್ತೇವೆ. ಗುಳಿಗೆ ಬೇಕೇ ಬೇಕು. ವೈದ್ಯರು ಹೇಳದೆ ಅದನ್ನು ಬಿಡಿಸಬೇಡಿ. ಆದರೆ ಕೆಲಸ ಮಾತ್ರ ಕೊಡುವುದಿಲ್ಲ. "ಪಾಪ, ಅವ ತನ್ನ ಪಾಡಿಗೆ ಕೂತಿರಲಿ" ಅನ್ನುತ್ತೇವೆ. ಆ ಮಾತಿನಲ್ಲಿ ಮರುಕವಿದೆ, ನಿಜ. ಗ್ರಾನಡಾದ ಕೋಣೆಯ ಬಾಗಿಲೂ ಇದೆ. ಕರೆದಲ್ಲಿಗೆ ಹೋಗದೆ, ಮದುವೆ ಮಾತುಕತೆಗೆ ಸೇರದೆ, ಜಗಲಿಯ ಮೂಲೆಯಲ್ಲೇ ಅವನ ವರ್ಷಗಳು ಕಳೆಯುತ್ತವೆ.

ನಮ್ಮ ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಎಷ್ಟು ಕೈಗಳಿದ್ದರೂ ಸಾಲದು. ಮೊದಲು ಎರಡು ತಾಸು ಕೂತು ಬಿಡಿಸಲಿ. ದಣಿವಾದರೆ ಏಳಲಿ, ನಾಳೆ ಮತ್ತೆ ಕರೆಯಿರಿ. ಸಂಜೆ ಕೂಲಿ ಹಂಚುವಾಗ ಅವನ ಪಾಲನ್ನು ಅವನ ಅಣ್ಣನಿಗೆ ಕೊಡಬೇಡಿ. ಅವನ ಕೈಗೇ ಎಣಿಸಿ ಕೊಡಿ.