ಕಾರಣ, ಕಾಲ, ಕ್ರಮ: ತಿಂಗಳ ಬಾಡಿಗೆಯ ಮನೆ ತೆರವಿನಲ್ಲಿ ಬಾಡಿಗೆದಾರರ ಹಕ್ಕು

ಸಾರಾಂಶ

ತಿಂಗಳ ಲೆಕ್ಕದಲ್ಲಿ ಮುಂದುವರಿಯುವ ಬಾಡಿಗೆಯ ಮನೆಯಲ್ಲಿರುವವರಿಗೆ ಕಾನೂನು ಮೂರು ಬಗೆಯ ರಕ್ಷಣೆ ಕೊಡಬಲ್ಲದು: ತಕ್ಕ ಕಾರಣವಿಲ್ಲದೆ ಬಿಡಿಸಬಾರದು, ಸಾಕಷ್ಟು ಕಾಲ ಕೊಡದೆ ಬಿಡಿಸಬಾರದು, ನ್ಯಾಯಾಲಯದ ಕ್ರಮ ಮೀರಿ ಬಿಡಿಸಬಾರದು. ಕರ್ನಾಟಕದ ದೊಡ್ಡ ನಗರಗಳಲ್ಲಿ ಮೊದಲನೆಯದು ಬಹುಮಟ್ಟಿಗೆ ಕೈಬಿಟ್ಟುಹೋಗಿದೆ, ಎರಡನೆಯದು 2002ರ ತಿದ್ದುಪಡಿಯಿಂದ ಕಿರಿದಾಗಿದೆ, ಮೂರನೆಯದು ಮಾತ್ರ ಗಟ್ಟಿಯಾಗಿ ಉಳಿದಿದೆ ಎಂಬುದು ಈ ಲೇಖನದ ವಾದ.

1. ತಿಂಗಳ ಬಾಡಿಗೆ ಹುಟ್ಟುವ ಬಗೆ

ಬಾಯಿಮಾತಿನಲ್ಲಿ ಗೊತ್ತುಮಾಡಿದ ಬಾಡಿಗೆ ಮಾತ್ರವೇ ತಿಂಗಳ ಬಾಡಿಗೆಯಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಮಿನ ಪ್ರಕಾರ, ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆಗೆ ನೋಂದಾಯಿತ ಪತ್ರ ಬೇಕೇ ಬೇಕು. ಹನ್ನೊಂದು ತಿಂಗಳ ಕರಾರು ಎಲ್ಲೆಡೆ ರೂಢಿಗೆ ಬಂದದ್ದು ಈ ನೋಂದಣಿಯನ್ನು ತಪ್ಪಿಸಲಿಕ್ಕೆ. ಆ ಅವಧಿ ಮುಗಿದ ಮೇಲೂ ಬಾಡಿಗೆದಾರರು ಮನೆಯಲ್ಲಿ ಉಳಿದು, ಮಾಲೀಕರು ಒಪ್ಪಿ ಬಾಡಿಗೆ ಪಡೆಯುತ್ತಿದ್ದರೆ 116ನೇ ಕಲಮಿನಂತೆ ಅದು ತಿಂಗಳ ಬಾಡಿಗೆಯಾಗುತ್ತದೆ. ನೋಂದಣಿಯಿಲ್ಲದೆ ಬರೆದ ಐದು ವರ್ಷದ ಗುತ್ತಿಗೆ ಪತ್ರಕ್ಕೂ ಇದೇ ಗತಿ. ಆಂಥೋನಿ ವಿರುದ್ಧ ಇಟ್ಟೂಪ್ ಪ್ರಕರಣದಲ್ಲಿ (2000) ಸುಪ್ರೀಂ ಕೋರ್ಟ್, ಅಂಥ ಪತ್ರ ಗುತ್ತಿಗೆಯನ್ನು ಹುಟ್ಟಿಸಲಾರದಾದರೂ ಸ್ವಾಧೀನ ಮತ್ತು ಬಾಡಿಗೆ ಪಾವತಿಯಿಂದ ತಿಂಗಳ ಬಾಡಿಗೆಯ ಸಂಬಂಧ ಏರ್ಪಡುತ್ತದೆ ಎಂದಿತು. ಹೀಗಾಗಿ ವರ್ಷಗಟ್ಟಲೆ ಒಂದೇ ಮನೆಯಲ್ಲಿರುವ ಎಷ್ಟೋ ಕುಟುಂಬಗಳು ಕಾನೂನಿನ ಕಣ್ಣಿನಲ್ಲಿ ತಿಂಗಳ ಬಾಡಿಗೆದಾರರೇ.

2. ಕಾರಣ

ಕರ್ನಾಟಕ ಬಾಡಿಗೆ ಕಾಯ್ದೆ, 1999, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಅದರ 27ನೇ ಕಲಂ ತೆರವಿಗೆ ನಿರ್ದಿಷ್ಟ ಕಾರಣಗಳನ್ನು ಪಟ್ಟಿಮಾಡುತ್ತದೆ. ಬಾಡಿಗೆ ಬಾಕಿಯಿದ್ದರೆ ಬೇಡಿಕೆ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು. ಸ್ವಂತ ವಾಸಕ್ಕೆ ಮನೆ ಬೇಕಿದ್ದರೆ ಆ ಅಗತ್ಯವನ್ನು ರುಜುವಾತುಪಡಿಸಬೇಕು. ರಾಜ್ಯಗಳ ಬಾಡಿಗೆ ಕಾಯ್ದೆಗಳ ಅಡಿಯಲ್ಲಿ ತೆರವು ಕೋರುವಾಗ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ಬಾಡಿಗೆ ಕೊನೆಗೊಳಿಸುವ ನೋಟಿಸು ಬೇಕಿಲ್ಲ ಎಂದು ಧನಪಾಲ್ ಚೆಟ್ಟಿಯಾರ್ ಪ್ರಕರಣದಲ್ಲಿ (1979) ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು. ಕಾರಣವೇ ಅಲ್ಲಿ ಕಾವಲು ನಿಂತಿರುವುದರಿಂದ ನೋಟಿಸಿನ ಹಂಗಿಲ್ಲ.

ಆದರೆ ಈ ಕಾಯ್ದೆ ಎಲ್ಲ ಮನೆಗಳಿಗೂ ಅನ್ವಯಿಸುವುದಿಲ್ಲ. ಕಾಯ್ದೆಯ ಲೆಕ್ಕದ ಮಾಸಿಕ ಬಾಡಿಗೆ, ಮೊದಲ ಅನುಸೂಚಿಯ ‘ಎ’ ಭಾಗದ ಪ್ರದೇಶಗಳಲ್ಲಿ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದರೆ ಆ ಕಟ್ಟಡ ಹೊರಗುಳಿಯುತ್ತದೆ. ಬೆಂಗಳೂರಿನ ಇಂದಿನ ಬಾಡಿಗೆಯನ್ನು ಬಲ್ಲ ಯಾರಿಗೂ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಿಲ್ಲ. ಸಿರಿವಂತರ ಬಂಗಲೆಗಳನ್ನು ಹೊರಗಿಡುವಂತೆ ಕಾಣುವ ಗೆರೆ ಈಗ ಕೂಲಿಕಾರರ, ಗುಮಾಸ್ತರ ಮನೆಗಳನ್ನೂ ಹೊರಗಿಟ್ಟಿದೆ. ಹಾಗೆ ಹೊರಗುಳಿದವರಿಗೆ ಉಳಿಯುವುದು 1882ರ ಕಾಯ್ದೆ. ಅಲ್ಲಿ ಮಾಲೀಕರು ಕಾರಣ ಹೇಳಬೇಕಾಗಿಯೇ ಇಲ್ಲ.

3. ಕಾಲ

106ನೇ ಕಲಮಿನಂತೆ ಕೃಷಿ ಅಥವಾ ತಯಾರಿಕೆಗೆ ಕೊಟ್ಟ ಆಸ್ತಿಯ ಗುತ್ತಿಗೆ ವರ್ಷದ ಲೆಕ್ಕದ್ದು, ಅದಕ್ಕೆ ಆರು ತಿಂಗಳ ನೋಟಿಸು ಬೇಕು. ಬೇರೆ ಉದ್ದೇಶದ ಗುತ್ತಿಗೆ ತಿಂಗಳ ಲೆಕ್ಕದ್ದು, ಅದಕ್ಕೆ ಹದಿನೈದು ದಿನದ ನೋಟಿಸು ಸಾಕು. ನೋಟಿಸು ಲಿಖಿತವಾಗಿರಬೇಕು, ಅದಕ್ಕೆ ಸಹಿ ಇರಬೇಕು. ಅಂಚೆಯಲ್ಲಿ ಕಳಿಸಬಹುದು, ಬಾಡಿಗೆದಾರರಿಗೆ ಖುದ್ದಾಗಿ ಕೊಡಬಹುದು, ಅವರ ಮನೆಯಲ್ಲಿ ಕುಟುಂಬದವರಿಗೋ ಕೆಲಸದವರಿಗೋ ತಲುಪಿಸಬಹುದು; ಇವು ಸಾಧ್ಯವಾಗದಿದ್ದರೆ ಕಟ್ಟಡದ ಮೇಲೆ ಎದ್ದು ಕಾಣುವಂತೆ ಅಂಟಿಸಬಹುದು.

2002ರ ತಿದ್ದುಪಡಿಗೆ ಮುಂಚೆ ನೋಟಿಸಿನ ಅವಧಿ ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕಿತ್ತು. ಒಂದನೇ ತಾರೀಖಿನಿಂದ ಆರಂಭವಾಗುವ ಬಾಡಿಗೆಗೆ ಜೂನ್ 20ರಂದು ನೋಟಿಸು ತಲುಪಿತೆನ್ನೋಣ. ಹಳೆಯ ನಿಯಮದಂತೆ ಅದು ಜುಲೈ 31ಕ್ಕೆ ಮುಗಿಯಬೇಕು, ಅಂದರೆ ಕೈಗೆ 41 ದಿನ. ಹೊಸ ನಿಯಮದಲ್ಲಿ ಎಣಿಕೆ ನೋಟಿಸು ತಲುಪಿದ ದಿನದಿಂದಲೇ, ಆದ್ದರಿಂದ ಜುಲೈ 5ಕ್ಕೇ ಮುಕ್ತಾಯ. ಜೊತೆಗೆ, ನೋಟಿಸಿನಲ್ಲಿ ಕಾಣಿಸಿದ ಅವಧಿ ಕಡಿಮೆಯಿದ್ದರೂ ಹದಿನೈದು ದಿನ ಕಳೆದ ಮೇಲೆ ದಾವೆ ಹೂಡಿದ್ದರೆ ಆ ಕೊರತೆಯಿಂದ ನೋಟಿಸು ಅಸಿಂಧುವಾಗುವುದಿಲ್ಲ.

ಹಳೆಯ ನಿಯಮದಲ್ಲಿ ದೋಷವಿತ್ತು, ನಿಜ. ಒಂದು ದಿನದ ಲೆಕ್ಕತಪ್ಪಿಗೆ ವರ್ಷಗಳ ವ್ಯಾಜ್ಯ ಬಿದ್ದುಹೋಗುತ್ತಿತ್ತು. ನೋಟಿಸನ್ನು ತಪ್ಪು ಹುಡುಕುವ ದೃಷ್ಟಿಯಿಂದ ಓದಬಾರದೆಂದು ಪ್ರಿವಿ ಕೌನ್ಸಿಲ್ 1918ರಲ್ಲೇ ಹರಿಹರ ಬ್ಯಾನರ್ಜಿ ಪ್ರಕರಣದಲ್ಲಿ ಹೇಳಿತ್ತು. ತಾಂತ್ರಿಕ ತೊಡಕು ನಿವಾರಣೆಯಾದದ್ದು ಸರಿಯೇ. ಆದರೆ ಅದರೊಂದಿಗೆ ಬಾಡಿಗೆದಾರರಿಗೆ ಸಿಗುತ್ತಿದ್ದ ಹೆಚ್ಚುವರಿ ದಿನಗಳೂ ಹೋದವು, ಬದಲಿಗೆ ಏನೂ ಬರಲಿಲ್ಲ. ಬೇರೆ ಮನೆ ಹುಡುಕಿ, ಹೊಸ ಮುಂಗಡ ಹೊಂದಿಸಿ, ಮಕ್ಕಳ ಶಾಲೆಯ ವ್ಯವಸ್ಥೆ ನೋಡಿಕೊಳ್ಳಲು ಹದಿನೈದು ದಿನ ಯಾವ ಕುಟುಂಬಕ್ಕೂ ಸಾಲದು.

4. ಕ್ರಮ

ನೋಟಿಸಿನ ಅವಧಿ ಮುಗಿದರೆ ಬಾಡಿಗೆಯ ಹಕ್ಕು ಮುಗಿಯುತ್ತದೆ. ಆದರೆ ಬೀಗ ಒಡೆಯುವ, ಸಾಮಾನು ಹೊರಗೆ ಹಾಕುವ ಅಧಿಕಾರ ಮಾಲೀಕರಿಗೆ ಅದರಿಂದ ಬರುವುದಿಲ್ಲ. ಬೆಂಗಳೂರಿನ ನಿವೇಶನವೊಂದರ ವಿವಾದದಿಂದ ಬಂದ ರಾಮೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೆಲೆಗೊಂಡ ಸ್ವಾಧೀನದಲ್ಲಿರುವವರನ್ನು ನಿಜವಾದ ಒಡೆಯರೂ ಬಲವಂತದಿಂದ ಹೊರಹಾಕುವಂತಿಲ್ಲ, ನ್ಯಾಯಾಲಯಕ್ಕೇ ಹೋಗಬೇಕು ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಹಾಗೆ ಹೊರದೂಡಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಅಲ್ಲಿ ಒಡೆತನದ ಪ್ರಶ್ನೆ ಅಡ್ಡಿಯಾಗುವುದಿಲ್ಲ.

ಈ ರಕ್ಷಣೆಗೂ ಬೆಲೆಯಿದೆ. ನೋಟಿಸಿನ ನಂತರವೂ ಉಳಿದವರು ಆ ಕಾಲಕ್ಕೆ ನಷ್ಟ ತುಂಬಿಕೊಡಬೇಕಾಗಬಹುದು, ಅದು ಹಳೆಯ ಬಾಡಿಗೆಗಿಂತ ಹೆಚ್ಚಿರಲೂಬಹುದು. ನೋಟಿಸಿನ ಮೇಲೆ ಮಾಲೀಕರು ಬಾಡಿಗೆ ಪಡೆದ ಮಾತ್ರಕ್ಕೆ ನೋಟಿಸು ಬಿದ್ದುಹೋಯಿತೆಂದು ನಂಬುವುದೂ ಅಪಾಯ. ಬಾಡಿಗೆಯನ್ನು ಮುಂದುವರಿಸುವ ಉದ್ದೇಶ ಕಾಣಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಸ್ಪಷ್ಟಪಡಿಸಿದೆ.

5. ನಿರ್ಣಯ

ಕ್ರಮದ ರಕ್ಷಣೆ ನ್ಯಾಯಾಲಯದ ಮೆಟ್ಟಿಲು ಹತ್ತಬಲ್ಲವರಿಗೆ ಮಾತ್ರ ದಕ್ಕುತ್ತದೆ. ದಾವೆಯ ವೆಚ್ಚ ಭರಿಸಲಾರದವರು ಹದಿನೈದು ದಿನದಲ್ಲಿ ಮನೆ ಬಿಡುತ್ತಾರೆ, ಮುಂಗಡದ ಹಣ ಮಾಲೀಕರ ಕೈಯಲ್ಲೇ ಉಳಿದಿರುತ್ತದೆ. ಆದ್ದರಿಂದ ತಿದ್ದುಪಡಿ ಆಗಬೇಕಾದದ್ದು ಕಾಲದ ವಿಷಯದಲ್ಲಿ. ಕರಾರು, ಸ್ಥಳೀಯ ಕಾನೂನು ಅಥವಾ ರೂಢಿ ಬೇರೆ ಹೇಳದಿದ್ದರೆ ಮಾತ್ರ ಹದಿನೈದು ದಿನ ಎಂದು 106ನೇ ಕಲಮೇ ಹೇಳುತ್ತದೆ. ಆ ಅವಕಾಶ ಬಳಸಿ ರಾಜ್ಯವು ವಾಸದ ಮನೆಗಳಿಗೆ ಕನಿಷ್ಠ ಎರಡು ತಿಂಗಳ ನೋಟಿಸನ್ನು, ಮನೆ ಬಿಡುವ ದಿನವೇ ಮುಂಗಡ ಮರಳಿಸುವ ಕರ್ತವ್ಯವನ್ನು ವಿಧಿಸಬೇಕು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಮುಂಗಡ ಎಂಬ ಮಿತಿ ಸೂಚಿಸಿದೆ; ಅದನ್ನೂ ಇದರೊಂದಿಗೆ ಸೇರಿಸಬಹುದು. ಅಲ್ಲಿಯವರೆಗೆ ಬಾಡಿಗೆದಾರರು ಕರಾರು ಬರೆಯುವಾಗಲೇ ನೋಟಿಸಿನ ಅವಧಿಯನ್ನು ಎರಡು ತಿಂಗಳೆಂದು ನಮೂದಿಸಿಕೊಳ್ಳಬೇಕು. ಕರಾರಿನಲ್ಲಿ ಕಡಿಮೆ ಅವಧಿ ಬರೆದಿದ್ದರೆ ಹದಿನೈದು ದಿನವೂ ಸಿಗದಿರಬಹುದು. ಮಾಲೀಕರಿಗೆ ಮನೆ ಮರಳುವುದು ಎರಡು ತಿಂಗಳು ತಡವಾದರೂ ಆ ಕಾಲದ ಬಾಡಿಗೆ ಬರುತ್ತದೆ. ಮನೆ ಬಿಡುವ ಕುಟುಂಬಕ್ಕೆ ಕಳೆದ ಕಾಲವನ್ನು ಯಾವ ಡಿಕ್ರಿಯೂ ಮರಳಿ ಕೊಡಲಾರದು.