ಸ್ಯಾನ್ ಹೋಸೆ ಮಿಷನ್ ಸ್ಯಾನ್ ಹೋಸೆಯಲ್ಲಿ ಇಲ್ಲ!

ಪುಣೆಯಲ್ಲಿ ಕೂತು ರಾತ್ರಿ ಒಂಬತ್ತೂವರೆಗೆ ಕಾಲ್ ಸೇರೋ ನನ್ನಂಥವರಿಗೆ ಸ್ಯಾನ್ ಹೋಸೆ, ಸಾಂತಾ ಕ್ಲಾರಾ ಅಂದ್ರೆ ಕ್ಲೈಂಟ್ ಇರೋ ಊರು, ಅಷ್ಟೇ. ಆನ್‌ಸೈಟ್ ಅಂತ ನಾನೂ ಮೂರು ತಿಂಗಳು ಅಲ್ಲಿದ್ದೆ. ಒಂದು ಭಾನುವಾರ ‘ಮಿಷನ್ ಸ್ಯಾನ್ ಹೋಸೆ’ ನೋಡೋಣ ಅಂತ ಹೊರಟರೆ, ಮ್ಯಾಪ್ ಫ್ರೀಮಾಂಟ್‌ಗೆ ಕರ್ಕೊಂಡು ಹೋಯ್ತು! ಸ್ಯಾನ್ ಹೋಸೆ ಊರಿನ ಪಕ್ಕದಲ್ಲಿರೋದು ಮಿಷನ್ ಸಾಂತಾ ಕ್ಲಾರಾ. ಯಾಕೆ ಹೀಗೆ ಅಂತ ಹುಡುಕಿದಾಗ ಸಿಕ್ಕಿದ ಕಥೆ ಇದು.

ರಷ್ಯಾದವರು ಉತ್ತರದಿಂದ ಇಳಿದು ಬಂದಾರು ಅನ್ನೋ ಭಯಕ್ಕೆ ಸ್ಪೇನ್ 1769ರಲ್ಲಿ ಕ್ಯಾಲಿಫೋರ್ನಿಯಾಗೆ ಕಾಲಿಟ್ಟಿತು. ಅವರ ಹತ್ತಿರ ಮೂರು ಅಸ್ತ್ರ ಇದ್ವು: ಸೈನಿಕರಿಗೆ ಪ್ರೆಸಿಡಿಯೊ, ಪಾದ್ರಿಗಳಿಗೆ ಮಿಷನ್, ರೈತ ಕುಟುಂಬಗಳಿಗೆ ಪ್ವೆಬ್ಲೊ, ಅಂದರೆ ಊರು. 1777ರ ಜನವರಿಯಲ್ಲಿ ಮಿಷನ್ ಸಾಂತಾ ಕ್ಲಾರಾ ಶುರುವಾಯಿತು. ಅದೇ ವರ್ಷ ನವೆಂಬರ್‌ನಲ್ಲಿ 66 ಜನರನ್ನು ಕರೆತಂದು ಸ್ಯಾನ್ ಹೋಸೆ ಊರು ಕಟ್ಟಿದರು. ಸೈನಿಕರ ಊಟಕ್ಕೆ ಧಾನ್ಯ ಬೆಳೆಯೋದು ಅದರ ಕೆಲಸ. ಪಾದ್ರಿಗಳಿಗೆ ಇದು ಹಿಡಿಸಲಿಲ್ಲ. ಊರಿನ ದನಗಳು ಮಿಷನ್ ಜಮೀನಿಗೆ ನುಗ್ಗುತ್ತವೆ ಅಂತ ಜಗಳ. ಕೊನೆಗೆ ಗ್ವಾದಲೂಪೆ ನದಿಯೇ ಗಡಿ ಅಂತ ತೀರ್ಮಾನವಾಯಿತು. ಫ್ರೀಮಾಂಟ್‌ನ ಮಿಷನ್ ಸ್ಯಾನ್ ಹೋಸೆ ಹುಟ್ಟಿದ್ದು ಆಮೇಲೆ, 1797ರಲ್ಲಿ.

ಆದರೆ ಇಬ್ಬರೂ ಕಿತ್ತಾಡಿದ ಆ ನೆಲ ಯಾರದ್ದು? ಓಲೋನಿ ಜನರದ್ದು. ಅವರ ಓಕ್ ಕಾಯಿ, ಹುಲ್ಲಿನ ಬೀಜದ ಕಾಡುಗಳು ದನಗಳ ಮೇವಾದವು. ಹೊಟ್ಟೆಗಿಲ್ಲದೆ ಹಲವರು ಮಿಷನ್ ಸೇರಿದರು. ಒಮ್ಮೆ ದೀಕ್ಷಾಸ್ನಾನ ಆಯ್ತೋ, ತಮ್ಮಿಷ್ಟದಂತೆ ಹೊರಗೆ ಹೋಗೋ ಹಾಗಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತರ್ತಿದ್ರು. ಮದುವೆಯಾಗದ ಹೆಣ್ಣುಮಕ್ಕಳನ್ನು ರಾತ್ರಿ ಕೋಣೆಯಲ್ಲಿ ಕೂಡಿ ಬೀಗ ಹಾಕ್ತಿದ್ರು. 1806ರಲ್ಲಿ ದಡಾರ ಬಂದಾಗ ಕೊಲ್ಲಿಯ ಸುತ್ತಲಿನ ಮಿಷನ್‌ಗಳಲ್ಲಿ ಸಾವಿನ ಸುಗ್ಗಿ.

ತಿರುಗಿಬಿದ್ದವರೂ ಇದ್ದರು. ಮಿಷನ್ ಸ್ಯಾನ್ ಹೋಸೆಯಿಂದ ಹೊರಬಿದ್ದ ಯೋಕುಟ್ಸ್ ಜನಾಂಗದ ಎಸ್ತಾನಿಸ್ಲಾವೊ, 1829ರಲ್ಲಿ ಮೆಕ್ಸಿಕನ್ ಸೈನ್ಯದ ತೋಪುಗಳನ್ನೇ ಎದುರಿಸಿದ. ಇವತ್ತಿನ ಸ್ಟಾನಿಸ್ಲಾಸ್ ನದಿಗೆ ಅವನದೇ ಹೆಸರು.

ಮಿಷನ್ ತಾತ್ಕಾಲಿಕ, ಸುಮಾರು ಹತ್ತು ವರ್ಷದಲ್ಲಿ ಜಮೀನು ಮೂಲನಿವಾಸಿಗಳಿಗೇ ಅನ್ನೋದು ಮೂಲ ಪ್ಲಾನ್. ‘ಟೆಂಪರರಿ ಫಿಕ್ಸ್’ ಅಂತ ಬರೆದ ಕೋಡ್ ಎಷ್ಟು ವರ್ಷ ಪ್ರೊಡಕ್ಷನ್‌ನಲ್ಲಿರುತ್ತೆ ಅಂತ ನಮಗೆ ಗೊತ್ತಲ್ಲ! ಮೆಕ್ಸಿಕೊ ಕಾನೂನು ತಂದು ಮಿಷನ್‌ಗಳನ್ನು ಪಾದ್ರಿಗಳ ಕೈಯಿಂದ ಬಿಡಿಸಿದ್ದು 1833ರಲ್ಲಿ. ಆಗಲೂ ಜಮೀನಿನ ಬಹುಪಾಲು ಸೇರಿದ್ದು ಪ್ರಭಾವಿ ಕುಟುಂಬಗಳಿಗೆ. ಆ ಮಿಷನ್‌ಗಳಲ್ಲಿದ್ದವರ ವಂಶಸ್ಥರಾದ ಮುವೆಕ್ಮಾ ಓಲೋನಿ ಜನ ಅಮೆರಿಕ ಸರ್ಕಾರದ ಮಾನ್ಯತೆಗಾಗಿ ದಶಕಗಳಿಂದ ಹೋರಾಡ್ತಿದ್ದಾರೆ.

ನಾವೂ ಊರು ಬಿಟ್ಟವರೇ. ಆದರೆ ನಾವು ಹೊರಟಿದ್ದು ನಮ್ಮಿಷ್ಟದಿಂದ, ಬೇಕೆಂದಾಗ ರಜೆ ಹಾಕಿ ಊರಿಗೆ ಹೋಗ್ತೀವಿ. ಅವರು ಎಲ್ಲೂ ಹೋಗಲಿಲ್ಲ, ಇದ್ದಲ್ಲೇ ಊರು ಕಳ್ಕೊಂಡರು. ಮುಂದಿನ ಸಲ ಕಾಲ್‌ನಲ್ಲಿ ‘ಸಾಂತಾ ಕ್ಲಾರಾ ಟೀಮ್’ ಅಂದಾಗ ನನಗಂತೂ ಇದು ನೆನಪಾಗುತ್ತೆ. ನಿಮಗೂ ಆಗಲಿ. ಮತ್ತೆ ಸಿಗೋಣ.